ಲೈಲಾ ಮಜ್ನು ಮತ್ತೆ ಥಿಯೇಟರ್‌ಗೆ: ಒಂದ್ ಫೋನ್ ಮಾಡಿದ್ರೆ ಮುಗೀತಿತ್ತಲ್ಲ?

ಮೊದ್ಲೇ ಒಂದ್ ಮಾತು ಹೇಳ್ಬಿಡ್ತೀನಿ, ಈ ಹಿಂದಿ ಸಿನಿಮಾ 2018ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಬಂದಾಗ ನಾನು ನೋಡಿರ್ಲಿಲ್ಲ. ನಾನೊಬ್ನೇ ಅಲ್ಲ, ಯಾರೂ ನೋಡಿರ್ಲಿಲ್ಲ ಅನ್ನೋ ಹಾಗೆ ಬಂದು ಹೋಗಿತ್ತು. ಹೀರೋ ಅವಿನಾಶ್ ತಿವಾರಿ ಯಾರು ಅಂತ ಗೊತ್ತಿಲ್ಲ, ಹೀರೋಯಿನ್ ತೃಪ್ತಿ ಡಿಮ್ರಿ ಯಾರು ಅಂತ ಗೊತ್ತಿಲ್ಲ, ಡೈರೆಕ್ಟರ್ ಸಾಜಿದ್ ಅಲಿ ಹೆಸರಂತೂ ಕೇಳೇ ಇರ್ಲಿಲ್ಲ, ಅಣ್ಣ ಇಮ್ತಿಯಾಜ್ ಅಲಿ ಹೆಸರು ಪೋಸ್ಟರ್ ಮೇಲಿದ್ರೂ ಜನ ಬರ್ಲಿಲ್ಲ. ಆಮೇಲೆ ಏನಾಯ್ತು ಅಂದ್ರೆ 2023ರ ಡಿಸೆಂಬರ್‌ನಲ್ಲಿ ಅನಿಮಲ್ ಬಂತು, ತೃಪ್ತಿ ಡಿಮ್ರಿ ರಾತ್ರೋರಾತ್ರಿ ಫೇಮಸ್ ಆದ್ಲು, ಇತ್ತ ರೀಲ್ಸ್‌ನಲ್ಲಿ ಈ ಸಿನಿಮಾದ ಹಾಡುಗಳು ಓಡ್ತಾನೇ ಇದ್ವು, 2024ರ ಆಗಸ್ಟ್‌ನಲ್ಲಿ ಮೊದಲು ಶ್ರೀನಗರದಲ್ಲಿ, ಆಮೇಲೆ 9ನೇ ತಾರೀಖು ಬೇರೆ ಊರುಗಳಲ್ಲಿ ಮತ್ತೆ ಬಿಟ್ರು. ಮೊದಲ ಸಲ ಒಟ್ಟು ಮಾಡಿದ್ದಕ್ಕಿಂತ ಜಾಸ್ತಿ ದುಡ್ಡು ಈ ಎರಡನೇ ಸಲಕ್ಕೆ ಬಂತು. ಆಗ್ಲೇ ಬರೀಬೇಕು ಅಂದ್ಕೊಂಡಿದ್ದೆ, ಸೋಮಾರಿತನ, ಈಗ ಇನ್ನೆರಡು ಸಲ ನೋಡಿದ್ಮೇಲೆ ಬರೀತಿದೀನಿ.

ನಾವು ಹೋಗಿದ್ದು ಭಾನುವಾರ ಸಂಜೆ ಶೋಗೆ. ನಾವು ಅಂದ್ರೆ ನಾನು ಮತ್ತೆ ನನ್ ಚಿಕ್ಕಮ್ಮ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ತಗೊಳ್ಬೇಕು ಅಂತ ತಿಪಟೂರಿಂದ ಬಂದಿದ್ರು, ಸೀರೆ ಆಯ್ತು, ಬ್ಲೌಸ್ ಪೀಸ್ ಆಯ್ತು, ಇನ್ನೂ ಟೈಮಿತ್ತು. ಲೈಲಾ ಮಜ್ನು ಅಂದ ತಕ್ಷಣ ಮುಖ ಅರಳ್ತು.

"ರಿಷಿ ಕಪೂರ್‌ದಾ?"

"ಅಲ್ಲ ಚಿಕ್ಕಮ್ಮ, ಹೊಸದು."

"ಹೊಸದ್ರಲ್ಲೂ ಸಾಯ್ತಾರೇನೋ?"

"ಸಾಯ್ತಾರೆ."

"ಹಂಗಾದ್ರೆ ನಡಿ."

1976ರ ಲೈಲಾ ಮಜ್ನು, ಅದೇ ರಿಷಿ ಕಪೂರ್ ರಂಜೀತಾದು, ಮದುವೆಯಾದ ಹೊಸದ್ರಲ್ಲಿ ಚಿಕ್ಕಪ್ಪ ತುಮಕೂರಿಗೆ ಕರ್ಕೊಂಡ್ ಹೋಗಿ ತೋರ್ಸಿದ್ರಂತೆ. ಆ ಕಾಲದಲ್ಲಿ ಮದನ್ ಮೋಹನ್ ಹಾಡುಗಳು, ಮರಳುಗಾಡು, ಜನ ಎಲ್ಲಾ ಸೇರ್ಕೊಂಡು ಮಜ್ನುಗೆ ಕಲ್ಲು ಹೊಡಿಯೋದು, ಲೈಲಾ ಬಂದು ನನ್ನ ಹುಚ್ಚನಿಗೆ ಕಲ್ಲು ಹೊಡೀಬೇಡ್ರಪ್ಪಾ ಅಂತ ಹಾಡೋದು. ಆ ಹಾಡು ಬಂದಾಗ ಥಿಯೇಟರ್‌ನಲ್ಲಿ ಹೆಂಗಸರು ಸೆರಗಲ್ಲಿ ಮುಖ ಮುಚ್ಕೊಂಡಿದ್ರಂತೆ. ಚಿಕ್ಕಪ್ಪ ಮಾತ್ರ ಗೊರಕೆ.

ಥಿಯೇಟರ್ ಬಗ್ಗೆ ಎರಡೇ ಮಾತು, ಹೆಸರು ಬೇಡ, ಯಾವ ಮಾಲ್‌ಗೆ ಹೋದ್ರೂ ಇದೇ ಗೋಳು. ಟಿಕೆಟ್‌ಗಿಂತ ಪಾಪ್‌ಕಾರ್ನ್ ಜಾಸ್ತಿ ರೇಟು, ಎಸಿ ಯಾವ ಮಟ್ಟಕ್ಕೆ ಅಂದ್ರೆ ಚಿಕ್ಕಮ್ಮ ಹೊಸ ಸೀರೆ ಕವರಿಂದ ತೆಗೆದು ಹೊದ್ಕೊಂಡು ಕೂತ್ರು, ಪಕ್ಕದ ಸ್ಕ್ರೀನ್‌ನಲ್ಲಿ ಯಾವುದೋ ಫೈಟಿಂಗ್ ಸಿನಿಮಾ, ಇಲ್ಲಿ ಲೈಲಾ ಮೆಲ್ಲಗೆ ಏನೋ ಹೇಳ್ತಿದ್ರೆ ಗೋಡೆ ಆಚೆಯಿಂದ ಧಡ್ ಧಡ್. ಪ್ರಿಂಟ್ ಮಾತ್ರ ಚೆನ್ನಾಗಿತ್ತು, ಕಾಶ್ಮೀರದ ಹಿಮ, ದಾಲ್ ಸರೋವರ, ಅದೆಲ್ಲ ದೊಡ್ಡ ಪರದೆ ಮೇಲೆ ನೋಡೋದಕ್ಕೇ ದುಡ್ಡು ವಸೂಲು. ಜನ ಎಲ್ಲಾ ಇಪ್ಪತ್ತು ಇಪ್ಪತ್ತೆರಡರ ಹುಡುಗ್ರು, ಡೈಲಾಗ್ ಮೊದಲೇ ಬಾಯಿಪಾಠ.

ಈಗ ಸಿನಿಮಾಗೆ ಬರ್ತೀನಿ. ಇಂಟರ್ವಲ್‌ನಲ್ಲಿ ಚಿಕ್ಕಮ್ಮ ಒಂದು ಪ್ರಶ್ನೆ ಕೇಳಿದ್ರು ನೋಡಿ, ನನ್ ಪ್ರಕಾರ ಇಂಥ ಎಲ್ಲಾ ಸಿನಿಮಾಗೂ ಕೇಳ್ಬೇಕಾದ ಪ್ರಶ್ನೆ ಅದೊಂದೇ. "ಅಲ್ಲ ಕಣೋ, ಆಗಿನ ಕಾಲದಲ್ಲಿ ಸರಿ, ಅವಳೆಲ್ಲೋ ಇವನೆಲ್ಲೋ ಮರಳುಗಾಡು, ಒಪ್ಕೋತೀನಿ. ಇವರ ಹತ್ರ ಮೊಬೈಲಿದೆ, ಕಾರಿದೆ, ಹುಡ್ಗ ದೊಡ್ಡವರ ಮನೆ ಮಗ. ಒಂದ್ ಫೋನ್ ಮಾಡಿ ಕರ್ಕೊಂಡ್ ಹೋಗಿದ್ರೆ ಮುಗೀತಿತ್ತಲ್ಲ?"

ಇದನ್ನ ತಮಾಷೆ ಅಂತ ತಳ್ಳಿಹಾಕ್ಬೇಡಿ. ಹಳೇ ದುರಂತ ಪ್ರೇಮಕಥೆಗಳು ನಿಂತಿರೋದೇ ಸುದ್ದಿ ತಲುಪದೇ ಇರೋದ್ರ ಮೇಲೆ. ರೋಮಿಯೋ ಜೂಲಿಯಟ್ ತಗೊಳ್ಳಿ, ಜೂಲಿಯಟ್ ನಿಜವಾಗ್ಲೂ ಸತ್ತಿಲ್ಲ, ಔಷಧಿ ಕುಡಿದು ಮಲಗಿದಾಳೆ ಅಂತ ಪಾದ್ರಿ ಬರೆದ ಕಾಗದ ರೋಮಿಯೋಗೆ ಸಿಗೋದಿಲ್ಲ, ಯಾಕಂದ್ರೆ ಕಾಗದ ತಗೊಂಡ್ ಹೋಗ್ತಿದ್ದ ಇನ್ನೊಬ್ಬ ಪಾದ್ರಿನ ಪ್ಲೇಗ್ ಅನುಮಾನದ ಮೇಲೆ ಒಂದು ಮನೇಲಿ ಕೂಡಿಹಾಕಿರ್ತಾರೆ. ಅಷ್ಟೇ. ಐದು ಆಕ್ಟ್ ನಾಟಕ ತಿರುಗೋದು ಒಂದು ಕಾಗದದ ಮೇಲೆ. 1996ರಲ್ಲಿ ಬಾಜ್ ಲೂರ್ಮನ್ ಡಿಕ್ಯಾಪ್ರಿಯೋ ಹಾಕ್ಕೊಂಡು ಅದನ್ನ ಮಾಡಿದಾಗ ಕತ್ತಿ ಜಾಗಕ್ಕೆ ಪಿಸ್ತೂಲು ತಂದ, ಪಿಸ್ತೂಲಿನ ಬ್ರ್ಯಾಂಡ್ ಹೆಸರೇ ಕತ್ತಿ ಅಂತ ಇಟ್ಟ, ಅದು ಓಕೆ, ಆದ್ರೆ ನನಗೆ ಜಾಸ್ತಿ ಇಷ್ಟ ಆಗಿದ್ದು ಕಾಗದದ ಜಾಗಕ್ಕೆ ಕೊರಿಯರ್ ತಂದಿದ್ದು. ಕೊರಿಯರ್‌ನೋನು ಬರ್ತಾನೆ, ಬಾಗಿಲು ಬಡೀತಾನೆ, ರೋಮಿಯೋ ಅಲ್ಲೇ ಹಿಂದೆ ಎಲ್ಲೋ ಇರ್ತಾನೆ, ಮನೇಲಿ ಯಾರೂ ಇಲ್ಲ ಅಂತ ಚೀಟಿ ಬಿಟ್ಟು ಹೋಗ್ತಾನೆ. ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಮನೇಲೇ ಕೂತಿದ್ರೂ ಡೋರ್ ಲಾಕ್ಡ್ ಅಂತ ಮೆಸೇಜ್ ಬರೋ ಊರಲ್ಲಿ ಬದುಕ್ತಿರೋರು ನಾವು, ಆ ಸೀನ್ ನೋಡಿ ಒಂದ್ಸಲ ನಕ್ಕು ಆಮೇಲೆ ಹೊಟ್ಟೆ ಕಿವುಚಿದ ಹಾಗಾಯ್ತು.

ಅದು 1996. ಆಮೇಲೆ ಮೊಬೈಲ್ ಬಂತು, ಕೊರಿಯರ್ ನಾಟಕಾನೂ ಸವೆದು ಹೋಯ್ತು. ಈಗ ಸಿನಿಮಾ ಮಾಡೋರಿಗೆ ನಿಜವಾದ ಕೆಲ್ಸ ಅಂದ್ರೆ ಇವತ್ತು ಇಬ್ಬರು ಪ್ರೀತಿ ಮಾಡಿದೋರನ್ನ ಸಾಯಿಸೋದು ಯಾವುದು ಅಂತ ಹುಡುಕೋದು. ಬಟ್ಟೆ ಬದಲಾಯಿಸೋದು, ಊರು ಬದಲಾಯಿಸೋದು ಯಾರು ಬೇಕಾದ್ರೂ ಮಾಡ್ತಾರೆ. ರೋಮಿಯೋ ಜೂಲಿಯಟ್‌ನೇ ಗುಜರಾತ್‌ಗೆ ತಂದ 2013ರ ಹಿಂದಿ ರಾಮ್‌ಲೀಲಾ ನೋಡಿ, ರಜಾಡಿ ಸನೇಡಾ ಅಂತ ಎರಡು ಕುಲ, ಘಾಗ್ರಾ, ಬಂದೂಕು, ದೀಪಿಕಾ ರಣವೀರ್ ಇಬ್ರೂ ಬೆಂಕಿ, ಕಣ್ಣಿಗೆ ಹಬ್ಬ ಇಲ್ಲ ಅನ್ನಲ್ಲ. ಆದ್ರೆ ಅವರು ಓಡಿ ಹೋಗಿ ಮದುವೆನೂ ಆಗ್ತಾರೆ, ಮತ್ತೆ ಆ ಊರಿಗೇ ಯಾಕೆ ಸಿಕ್ಕಾಕೊಳ್ತಾರೆ, ಐನೂರು ವರ್ಷದ ದ್ವೇಷ ಅಂದ್ರೆ ಏನದು, ಯಾತಕ್ಕೆ, ಅದನ್ನ ಕೇಳೋ ಹಾಗಿಲ್ಲ. ಕೇಳಿದ್ರೆ ಸೆಟ್ ಕುಸಿದು ಬೀಳುತ್ತೆ. ಚಿಕ್ಕಮ್ಮನ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ, ಹಾಡಿದೆ.

ಉತ್ತರ ಇದ್ದಿದ್ದು ಮರಾಠಿಯ ಸೈರಾಟ್‌ನಲ್ಲಿ. 2016, ನಾಗರಾಜ ಮಂಜುಳೆ, ಸೊಲ್ಲಾಪುರ ಜಿಲ್ಲೆ ಕರಮಾಳಾ ಸುತ್ತಮುತ್ತಲ ಕಬ್ಬಿನ ಗದ್ದೆ, ಅಂದ್ರೆ ನಮ್ ವಿಜಯಪುರದಿಂದ ಆಚೆ ಅದೇ ಬಿಸಿಲು, ಅದೇ ಮಣ್ಣು ಅನ್ಕೊಳ್ಳಿ. ಅಲ್ಲಿ ಮೇಲ್ಜಾತಿ ಹುಡುಗಿ ಆರ್ಚಿ, ಕೆಳಜಾತಿ ಹುಡುಗನ ಜೊತೆ ಓಡಿ ಹೋಗ್ತಾಳೆ, ಫೋನೂ ಇದೆ, ಹೈದರಾಬಾದ್‌ನಲ್ಲಿ ಕೊಳೆಗೇರಿ ಮನೇಲಿ ಸಂಸಾರನೂ ಹೂಡ್ತಾರೆ, ದೋಸೆ ಗಾಡಿ ಹೆಂಗಸೊಬ್ಬಳು ಆಸರೆ ಕೊಡ್ತಾಳೆ, ಮಗು ಆಗುತ್ತೆ, ಸ್ಕೂಟಿ ಬರುತ್ತೆ. ಅಷ್ಟರಲ್ಲಿ ನಾವು ಉಸ್ಸಪ್ಪಾ ಅಂತ ಕಾಲು ಚಾಚಿ ಕೂತಿರ್ತೀವಿ. ಆರ್ಚಿ ಅಮ್ಮನಿಗೆ ಒಂದು ಫೋನ್ ಮಾಡ್ತಾಳೆ. ಅಣ್ಣನ ಕಡೆಯೋರು ತವರಿನ ಉಡುಗೊರೆ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ, ಅವಳು ಚಹಾ ಮಾಡಿ ಕೊಡ್ತಾಳೆ. ಕೊನೇಲಿ ಪಕ್ಕದ ಮನೆಗೆ ಹೋಗಿದ್ದ ಅವರ ಮಗು ಒಳಗೆ ಹೋಗಿ ವಾಪಸ್ ನಡೆದುಕೊಂಡು ಬರುತ್ತೆ, ಶಬ್ದ ಪೂರ್ತಿ ನಿಂತು ಹೋಗಿರುತ್ತೆ, ನೆಲದ ಮೇಲೆ ಆ ಪುಟ್ಟ ಪಾದದ ಕೆಂಪು ಗುರುತು. ಫೋನ್ ಮಾಡಿದ್ರೆ ಮುಗೀತಿತ್ತಲ್ಲ ಅಂದ್ರಲ್ಲ ಚಿಕ್ಕಮ್ಮ, ಇಲ್ಲಿ ಫೋನ್ ಮಾಡಿದ್ಮೇಲೇ ಮುಗಿಯೋದು. ಜಾತಿಗೆ ಕಾಗದ ತಪ್ಪಿಹೋಗೋದು ಬೇಕಾಗಿಲ್ಲ, ಅಡ್ರೆಸ್ ಸಿಕ್ಕಿದ್ರೆ ಸಾಕು.

ಅದನ್ನೇ ನಮ್ಮೋರು 2017ರಲ್ಲಿ ಮನಸು ಮಲ್ಲಿಗೆ ಅಂತ ಕನ್ನಡಕ್ಕೆ ತಂದ್ರು, ಎಸ್. ನಾರಾಯಣ್ ಡೈರೆಕ್ಷನ್, ರಿಂಕು ರಾಜಗುರುನೇ ಮತ್ತೆ ಹೀರೋಯಿನ್. ಆ ಹುಡುಗಿ ಬುಲೆಟ್ ಓಡ್ಸೋ ಗತ್ತು ಇಲ್ಲೂ ಇದೆ, ಆದ್ರೆ ಮರಾಠಿ ಸಿನಿಮಾನ ಪಕ್ಕದಲ್ಲಿಟ್ಕೊಂಡು ಟ್ರೇಸ್ ಮಾಡಿದ ಹಾಗಿದೆ ಅನ್ನಿಸ್ತು. ನಮ್ ಕಡೆ ಜಾತಿ ಹೆಂಗೆ ಮಾತಾಡುತ್ತೆ, ಯಾವ ಮಾತಲ್ಲಿ ನಗ್ತಾ ನಗ್ತಾ ಹೊರಗಿಡುತ್ತೆ ಅನ್ನೋದು ಕಾಣ್ಲಿಲ್ಲ. ಇಲ್ಲಿ ಕಥೆಗೆ ಬರಗಾಲ ಇದ್ದಿದ್ರೆ ಒಪ್ಕೋಬಹುದಿತ್ತು, ನಮ್ ಪೇಪರ್‌ನಲ್ಲೇ ಇಂಥ ಸುದ್ದಿ ಓದ್ತಾನೇ ಇರ್ತೀವಿ. ಹಿಂದಿಯ ಧಡಕ್ 2018ರಲ್ಲಿ ಇನ್ನೊಂದ್ ಹೆಜ್ಜೆ ಮುಂದೆ ಹೋಗಿ ಉದಯಪುರದ ಅರಮನೆ ತೋರ್ಸಿ ಜಾತಿನ ಕಾರ್ಪೆಟ್ ಕೆಳಗೆ ತಳ್ಳಿಬಿಡ್ತು, ದುಡ್ಡಿರೋ ಮನೆ ದುಡ್ಡಿಲ್ದಿರೋ ಮನೆ ಅನ್ನೋ ಹಾಗಾಯ್ತು. 2025ರ ಧಡಕ್ 2, ಇದೇ ತೃಪ್ತಿ ಡಿಮ್ರಿದು, ತಮಿಳಿನ ಪರಿಯೇರುಂ ಪೆರುಮಾಳ್ ಕಥೆ, ಅದು ಪರವಾಗಿಲ್ಲ, ಜಾತಿ ಅಂತ ಬಾಯಿಬಿಟ್ಟು ಹೇಳುತ್ತೆ.

ಇನ್ನೊಂದು ದಾರಿ ದೇವ್ ಡಿ ಹಿಡಿದಿದ್ದು. ನಮ್ಮಲ್ಲಿ ಗಡ್ಡ ಬಿಟ್ಟು ಮೂಲೇಲಿ ಕೂತ ಯಾವ ಹುಡ್ಗನ್ನ ನೋಡಿದ್ರೂ ಏನೋ ದೇವದಾಸ್ ಆಗ್ಬಿಟ್ಟಿದೀಯಾ ಅಂತೀವಲ್ಲ, ಆ ದೇವದಾಸ್ 1917ರಲ್ಲಿ ಶರತ್‌ಚಂದ್ರರ ಕಾದಂಬರಿಯಿಂದ ಬಂದೋನು, ಕೊನೆಗೆ ಪಾರು ಗಂಡನ ಮನೆ ಗೇಟ್ ಮುಂದೆ ಸಾಯ್ತಾನೆ. ಸೈಗಲ್ ಸತ್ತ, ದಿಲೀಪ್ ಕುಮಾರ್ ಸತ್ತ, ತೆಲುಗಲ್ಲಿ ನಾಗೇಶ್ವರ ರಾವ್ ಸತ್ತ, ಶಾರುಖ್ 2002ರಲ್ಲಿ ಎಲೆ ಉದುರ್ತಾ ಇದ್ದಾಗ ಭರ್ಜರಿಯಾಗಿ ಸತ್ತ. 2009ರಲ್ಲಿ ದೇವ್ ಡಿ ಮಾಡಿದ ಅನುರಾಗ್ ಕಶ್ಯಪ್ ಬಂದು ಇವನು ಸಾಯೋ ಅಷ್ಟು ಯೋಗ್ಯತೆ ಇರೋನಲ್ಲ ಅಂತ ತೀರ್ಮಾನ ಮಾಡಿದ. ಅವನ ಪಾರು ಸೈಕಲ್ ಮೇಲೆ ಹಾಸಿಗೆ ಸುತ್ಕೊಂಡು ಕಬ್ಬಿನ ಗದ್ದೆಗೆ ಬರ್ತಾಳೆ, ಇವನು ಅವರಿವರ ಮಾತು ಕೇಳಿ ಅನುಮಾನ ಪಡ್ತಾನೆ, ಅವಳು ಬೇರೆ ಮದುವೆ ಆಗಿ ಆರಾಮಾಗಿ ಸಂಸಾರ ಮಾಡ್ಕೊಂಡಿರ್ತಾಳೆ, ಇವನು ದೆಹಲಿ ಪಹಾಡ್‌ಗಂಜ್‌ನಲ್ಲಿ ಕುಡಿದು ಬಿದ್ದಿರ್ತಾನೆ. ಇಲ್ಲಿ ಇವರನ್ನ ಬೇರೆ ಮಾಡಿದ್ದು ಅಪ್ಪನೂ ಅಲ್ಲ ಊರೂ ಅಲ್ಲ, ಇವನ ಸೊಕ್ಕು. ಅದಕ್ಕೇ ಇವನು ಸಾಯಲ್ಲ, ಬದುಕಿ ಅನುಭವಿಸ್ತಾನೆ, ಚಂದಾ, ಅಂದ್ರೆ ಹಳೇ ಕಥೆಯ ಚಂದ್ರಮುಖಿ, ಅವಳ ಹತ್ರ ವಾಪಸ್ ಹೋಗಿ ಸ್ನಾನ ಮಾಡ್ತಾನೆ. ನನಗೆ ಇದು ಬಹಳ ಇಷ್ಟ.

ಹಂಗಂತ ದುರಂತದ ಕೊನೆ ಬದಲಾಯಿಸೋದು ಹೊಸ ಐಡಿಯಾ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನಮ್ ಕನ್ನಡದಲ್ಲೇ 1889ರಷ್ಟು ಹಿಂದೆ ರೋಮಿಯೋ ಜೂಲಿಯಟ್‌ನ ರಾಮವರ್ಮ ಲೀಲಾವತಿ ಅಂತ ನಾಟಕ ಮಾಡ್ಕೊಂಡಾಗ ಸತ್ತ ಜೋಡಿನ ದೇವರೇ ಬಂದು ಬದುಕಿಸ್ತಾನೆ, ಮಂಗಳ. ದುಡ್ಡು ಕೊಟ್ಟು ಬಂದೋರನ್ನ ಅಳಿಸಿ ಮನೆಗೆ ಕಳಿಸೋದು ಆಗಿನೋರಿಗೆ ಸರಿ ಕಾಣ್ಲಿಲ್ಲ ಅನ್ಸುತ್ತೆ.

ಸರಿ, ಲೈಲಾ ಮಜ್ನು. ಮೂಲ ಕಥೆ ಅರಬ್ ಕಡೆಯದು, ಕೈಸ್ ಅನ್ನೋನು ಲೈಲಾ ಅನ್ನೋಳ್ನ ಪ್ರೀತಿಸಿ ಬುದ್ಧಿ ಕಳ್ಕೊಂಡ, ಜನ ಅವನನ್ನ ಮಜ್ನೂನ್ ಅಂದ್ರು, ಹುಚ್ಚ, ಜಿನ್ ಹಿಡಿದೋನು ಅಂತ ಅರ್ಥ. 1188ರಲ್ಲಿ ನಿಜಾಮಿ ಗಂಜವಿ ಪರ್ಶಿಯನ್‌ನಲ್ಲಿ ಅದನ್ನ ದೊಡ್ಡ ಕಾವ್ಯ ಮಾಡಿದ, ನೂರು ಚಿಲ್ಲರೆ ವರ್ಷ ಆದ್ಮೇಲೆ ದೆಹಲೀಲಿ ಅಮೀರ್ ಖುಸ್ರೋ ತಂದೂ ಒಂದು ಬರೆದ. ಹಾಗಾಗಿ ಸ್ಪಾಯ್ಲರ್ ಕೊಟ್ಬಿಟ್ಟೆ ಅಂತ ನನ್ಮೇಲೆ ಕೂಗಾಡ್ಬೇಡಿ, ನಿಜಾಮಿ ಎಂಟುನೂರು ವರ್ಷದ ಹಿಂದೆಯೇ ಕೊಟ್ಟಾಗಿದೆ. ನಿಜಾಮಿಯಲ್ಲಿ ಲೈಲಾನ ಇಬ್ನ್ ಸಲಾಂ ಅನ್ನೋನಿಗೆ ಮದುವೆ ಮಾಡ್ತಾರೆ, ಅವಳು ಅವನನ್ನ ಹತ್ರ ಸೇರಿಸಲ್ಲ, ಕೊನೆಗೆ ಅವನು ಸಾಯ್ತಾನೆ. ಗಂಡ ಸತ್ತ ಮೇಲೆ ಹೆಂಗಸು ಸೂತಕ ಕೂರ್ಬೇಕಲ್ಲ, ಅದು ಲೈಲಾಗೆ ಅನುಕೂಲ ಆಗುತ್ತೆ, ಯಾಕಂದ್ರೆ ಈಗ ಮಜ್ನುಗೋಸ್ಕರ ಎಲ್ಲರೆದುರಿಗೇ ಅಳ್ಬಹುದು, ಗಂಡನಿಗೆ ಅಳ್ತಿದಾಳೆ ಅಂತ ಜನ ಅಂದ್ಕೋತಾರೆ. ಎಂಥ ಜಾಗ ಹುಡುಕಿದಾನೆ ನೋಡಿ ಕವಿ.

ಸಾಜಿದ್ ಅಲಿ ಕಥೆನ ಶ್ರೀನಗರಕ್ಕೆ ತಂದು, ಎರಡೂ ಮನೆ ಅಪ್ಪಂದಿರಿಗೆ ಜಾಗದ ಜಗಳ ಇಟ್ಟು, ಇಬ್ನ್ ಸಲಾಂನ ಇಬ್ಬನ್ ಅಂತ ಮಾಡಿ ಲೈಲಾ ಅಪ್ಪನ ಹಿಂದೆ ಮುಂದೆ ತಿರುಗೋ ರಾಜಕೀಯದ ಹುಡುಗನ್ನಾಗಿ ಮಾಡಿದಾನೆ. ಸುಮಿತ್ ಕೌಲ್ ಅನ್ನೋ ನಟ, ಮೈ ಉರಿಯೋ ಹಾಗೆ ಮಾಡಿದಾನೆ. ಮೊದಲರ್ಧ ನನ್ನ ಕೇಳಿದ್ರೆ ಸಾಧಾರಣ. ಹುಡುಗ್ರು ಹಿಂದೆ ಬೀಳೋದನ್ನ ಲೈಲಾ ಎಂಜಾಯ್ ಮಾಡೋದು, ಅವನು ಪಟ್ಟು ಬಿಡದೆ ಹಿಂದೆ ಸುತ್ತೋದು, ಇದೆಲ್ಲ ನೋಡಿ ನೋಡಿ ಸಾಕಾಗಿದೆ, ಈ ಹಿಂದೆ ಬೀಳೋದನ್ನ ಪ್ರೀತಿ ಅಂತ ಎಷ್ಟು ವರ್ಷ ಮಾರ್ತಾರೋ. ಅಪ್ಪಂದಿರ ಜಗಳಾನೂ ನನಗೆ ಅಷ್ಟು ಗಟ್ಟಿ ಅನ್ನಿಸ್ಲಿಲ್ಲ. ಕಾಶ್ಮೀರದಲ್ಲಿ ಕಥೆ ಇಟ್ಟು ಅಲ್ಲಿನ ಬೇರೆ ಯಾವ ಸಂಕಟದ ಕಡೆಗೂ ಕಣ್ಣೆತ್ತಿ ನೋಡಲ್ಲ ಅನ್ನೋದೂ ಒಂದು ತಕರಾರು. ಚಿಕ್ಕಮ್ಮ ಪ್ರಶ್ನೆ ಕೇಳಿದ್ದು ಇದೇ ಹಂತದಲ್ಲಿ, ಅವರ ತಪ್ಪಿಲ್ಲ.

ಎರಡನೇ ಅರ್ಧ ಬೇರೆಯೇ ಸಿನಿಮಾ. ನಾಲ್ಕು ವರ್ಷ ಆದ್ಮೇಲೆ ಕೈಸ್ ಅಪ್ಪ ಸತ್ತ ಅಂತ ವಾಪಸ್ ಬರ್ತಾನೆ. ಅಷ್ಟೊತ್ತಿಗೆ ಗಂಡ ಆಗಿರೋ ಇಬ್ಬನ್ ಹತ್ರ ಲೈಲಾ ತಲಾಖ್ ಕೇಳ್ತಾಳೆ, ಅಷ್ಟರಲ್ಲಿ ಇಬ್ಬನ್ ಸಾಯ್ತಾನೆ. ಅಂದ್ರೆ ದಾರಿ ಕ್ಲಿಯರ್, ಜಗಳ ಮಾಡೋರು ಯಾರೂ ಉಳಿದಿಲ್ಲ, ಫೋನಿದೆ, ಕಾರಿದೆ. ಈಗೇನಡ್ಡಿ? ಇದ್ದತ್. ಮುಸ್ಲಿಮರಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಕಾಯ್ಬೇಕು, ಆಮೇಲೆ ಇನ್ನೊಂದು ಮದುವೆ. ನಿಜಾಮಿ ಇಟ್ಟಿದ್ದ ಸೂತಕಾನೇ ಇವರು ಎತ್ಕೊಂಡು ತಿರುಗಿಸಿಬಿಟ್ಟಿದಾರೆ. ಅಲ್ಲಿ ಅದು ಲೈಲಾಗೆ ಅಳೋಕೆ ಸಿಕ್ಕ ನೆಪ, ಇಲ್ಲಿ ಅದು ಕೈಸ್‌ನ ಮುರಿಯೋ ಕೊನೇ ಕಡ್ಡಿ. ನಾಲ್ಕು ವರ್ಷ ಕಾದಿದೀಯಾ, ಇನ್ನೊಂದ್ ನಾಲ್ಕು ತಿಂಗಳು ತಡ್ಕೋ, ಅಂತಾಳೆ ಅವಳು, ಎಷ್ಟು ಸಣ್ಣ ಮಾತು ಅದು, ಎಷ್ಟು ಸರಿಯಾದ ಮಾತು. ಯಾರೂ ಅವನಿಗೆ ಕೆಟ್ಟದ್ದು ಮಾಡ್ತಿಲ್ಲ. ಎಲ್ಲರೂ ಸ್ವಲ್ಪ ತಡ್ಕೋ ಅಂತಿದಾರೆ ಅಷ್ಟೇ. ಅವನು ಸರಿ ಅಂತಾನೆ, ನಗ್ತಾನೆ ಕೂಡ, ಆ ನಗು ನೋಡಿದ್ರೆ ಗೊತ್ತಾಗುತ್ತೆ ಒಳಗೆ ಏನೋ ಟಕ್ ಅಂತ ಬಿಟ್ಕೊಳ್ತು ಅಂತ.

ಆಮೇಲೆ ಅವನು ಬೆಟ್ಟ ಹತ್ತುತ್ತಾನೆ, ಅಲ್ಲಿ ಅವನ ಪಾಡಿಗೆ ಒಬ್ಬ ಲೈಲಾ ಇದಾಳೆ, ಅವನ ಜೊತೆ ಮಾತಾಡ್ತಾಳೆ, ಅವನಿಗೆ ಕಾಣ್ತಾಳೆ, ನಮಗೂ ಒಂದೊಂದ್ಸಲ ಕಾಣ್ತಾಳೆ. ನಿಜವಾದ ಲೈಲಾ ಹುಡುಕ್ಕೊಂಡು ಬಂದಾಗ ಇವನಿಗೆ ಅವಳು ಬೇಕಾಗೇ ಇಲ್ಲ! ಸೂಫಿಗಳು ಈ ಕಥೆನ ಇಷ್ಟು ಶತಮಾನ ತಲೆ ಮೇಲೆ ಹೊತ್ಕೊಂಡಿದ್ದು ಈ ಜಾಗಕ್ಕೇ, ಹುಡುಗಿ ಮೇಲಿನ ಪ್ರೀತಿ ಹೋಗಿ ಹೋಗಿ ಹುಡುಗಿನೂ ದಾಟಿಬಿಡೋದು. ಕನ್ನಡದೋರಿಗೆ ಇದು ಅರ್ಥ ಆಗೋಕೆ ಕಷ್ಟ ಇಲ್ಲ, ಅಕ್ಕಮಹಾದೇವಿ ಕಾಡಲ್ಲಿ ಗಿಳಿ ಕೋಗಿಲೆ ತುಂಬಿ ಎಲ್ಲದರ ಹತ್ರ ನೀವು ಕಂಡಿರಾ ಅಂತ ಕೇಳ್ಕೊಂಡು ಅಲೆದಿದ್ದನ್ನ ಸ್ಕೂಲಲ್ಲೇ ಓದಿದೀವಿ. ಆದ್ರೆ ಒಂದು ವ್ಯತ್ಯಾಸ, ಅಕ್ಕ ತಾನಾಗೇ ಗಂಡನ ಮನೆ ಬಿಟ್ಟು ಹೊರಟೋಳು, ಇವನು ಮುರಿದು ಹೋಗಿ ಅಲ್ಲಿಗೆ ಬಿದ್ದೋನು. ಸಿನಿಮಾ ಇದನ್ನ ಹುಚ್ಚು ಅಂತಾನೂ ಹೇಳಲ್ಲ, ದೈವ ಅಂತಾನೂ ಹೇಳಲ್ಲ, ಎರಡರ ಮಧ್ಯೆ ನಮ್ಮನ್ನ ಬಿಟ್ಟು ಹೋಗುತ್ತೆ. ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ಬಾರ್ದಾ ಅಂತ ನನಗೆ ಎರಡನೇ ಸಲ ನೋಡಿದಾಗ ಅನ್ನಿಸಿದ್ದು ನಿಜ.

ಹಾಫಿಜ್ ಹಾಫಿಜ್ ಹಾಡಿಗೋಸ್ಕರಾನೇ ಥಿಯೇಟರ್‌ಗೆ ಹೋಗ್ಬೇಕಿತ್ತು ಅಂತ ಈಗ್ಲೂ ಹೇಳ್ತೀನಿ. ಮೋಹಿತ್ ಚೌಹಾಣ್ ದನಿ, ಅದ್ರಲ್ಲಿ ಕಾಶ್ಮೀರಿ ಮಕ್ಕಳ ಪದ ಹುಕುಸ್ ಬುಕುಸ್ ಬರುತ್ತೆ. ನಮ್ ಕಡೆ ಅವಲಕ್ಕಿ ಪವಲಕ್ಕಿ ಅಂತ ಮಕ್ಕಳನ್ನ ಆಡಿಸ್ತೀವಲ್ಲ, ಅಲ್ಲಿ ಅದು ಹಾಗೆ. ಆದ್ರೆ ಅದರ ಮೂಲದಲ್ಲಿ ನೀನ್ಯಾರು, ನಾನ್ಯಾರು ಅನ್ನೋ ಪ್ರಶ್ನೆ ಇದೆ ಅಂತ ಹೇಳ್ತಾರೆ. ಮಕ್ಕಳ ಪದ ಹೇಳ್ತಾ ಹಿಮದಲ್ಲಿ ಗಿರಗಿರ ತಿರುಗೋ ಒಬ್ಬ ದೊಡ್ಡ ಗಂಡಸು, ಕೂದಲು ಕೆದರಿ, ಶರ್ಟ್ ಹರಿದು. ಅವಿನಾಶ್ ತಿವಾರಿ ಅಲ್ಲಿ ಆಕ್ಟಿಂಗ್ ಮಾಡ್ತಿದಾನೆ ಅನ್ನೋದೇ ಮರೆತು ಹೋಗುತ್ತೆ. ಮುಂದಿನ ಸಾಲಿನ ಹುಡುಗ್ರು ಅಲ್ಲಿತನಕ ಹಾಡು ಹೇಳ್ಕೊಂಡು ಮೊಬೈಲ್ ಟಾರ್ಚ್ ಬೀಸ್ತಿದ್ದೋರು, ಅರ್ಧಕ್ಕೆ ಒಂದೊಂದೇ ಟಾರ್ಚ್ ಆಫ್ ಆಯ್ತು. ಗೋಡೆ ಆಚೆ ಧಡ್ ಧಡ್ ಇನ್ನೂ ಇತ್ತೇನೋ, ನನಗೆ ಕೇಳಿಸ್ಲಿಲ್ಲ.

ಮನೇಲಿ ನೋಡೋರಿಗೆ ಒಂದ್ ಮಾತು, ಮೊದಲರ್ಧ ಬೋರ್ ಅಂತ ಮಧ್ಯೆ ನಿಲ್ಲಿಸ್ಬೇಡಿ, ಓಡ್ಸಿನೂ ನೋಡ್ಬೇಡಿ, ಲೈಲಾ ಆ ಚೆಲ್ಲಾಟ ಮಾಡಿದ್ದನ್ನ ನೋಡಿದ್ರೇನೇ ಆಮೇಲಿನ ಅವಳ ಬತ್ತಿದ ಮುಖ ಕಾಣೋದು. ಮೊಬೈಲ್ ಸ್ಪೀಕರ್‌ನಲ್ಲಿ ಅಂತೂ ಖಂಡಿತ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ. ಸೈರಾಟ್ ನೋಡಿಲ್ದೋರು ಅದನ್ನ ಬೇರೆ ದಿನ ನೋಡಿ, ಎರಡೂ ಒಂದೇ ವಾರದಲ್ಲಿ ನೋಡಿದ್ರೆ ಊಟ ಸೇರಲ್ಲ.

ವಾಪಸ್ ಬರ್ತಾ ಆಟೋದಲ್ಲಿ ಚಿಕ್ಕಮ್ಮ ಏನೂ ಮಾತಾಡ್ಲಿಲ್ಲ. ಸೀರೆ ಕವರ್ ಮಡಿಲಲ್ಲಿಟ್ಕೊಂಡು ಹೊರಗಡೆ ನೋಡ್ತಾ ಕೂತಿದ್ರು. ಚಿಕ್ಕಪ್ಪ ಹೋಗಿ ಆರು ವರ್ಷ ಆಯ್ತು, ನನಗೆ ಆಗ ಹೊಳೀಲಿಲ್ಲ. ಯಶವಂತಪುರ ದಾಟಿದ್ಮೇಲೆ "ನಾಲ್ಕ್ ತಿಂಗ್ಳು ಹತ್ತ್ ದಿನ ಏನೂ ಜಾಸ್ತಿ ಅಲ್ಲಪ್ಪ" ಅಂದ್ರು, ಅಷ್ಟೇ. ಹಬ್ಬ ಮುಗಿದ್ಮೇಲೆ ತಿಪಟೂರಿಂದ ಫೋನು, ಆ ಲೈಲಾ ಮಜ್ನು ಹಾಡು ವಾಟ್ಸಾಪ್‌ಗೆ ಕಳಿಸೋ ಅಂತ. ಹಾಫಿಜ್ ಹಾಫಿಜ್ ಕಳಿಸಿದೆ. ಹತ್ತು ನಿಮಿಷ ಬಿಟ್ಟು ವಾಯ್ಸ್ ಮೆಸೇಜ್ ಬಂತು, "ಇದು ಬೇಡ ಕಣೋ, ಇದನ್ನ ಕೇಳಿದ್ರೆ ರಾತ್ರಿ ನಿದ್ದೆ ಬರಲ್ಲ. ರಿಷಿ ಕಪೂರ್‌ದೇ ಕಳಿಸು."